ಐದನೇ ಚೌಕದಲ್ಲಿ ಹೆಸರು ಬರೆಯಬೇಡಿ

ಕಳೆದ ಮಂಗಳವಾರ ಊಟದ ವಿರಾಮದಲ್ಲಿ ನನ್ನ ಗಂಡನ ಸಾವಿಗೆ ಒಂದು ರಿಜೆಕ್ಷನ್ ಹಾಳೆ ತುಂಬಿದೆ.

ಹೌದು, ಕಾರ್ಖಾನೆಯದೇ ಹಾಳೆ. ಕೆಟ್ಟ ಪೀಸು ಬಂದಾಗ ತುಂಬುತ್ತೇವಲ್ಲ, ಅದೇ. ನನಗೆ ತಲೆ ಕೆಟ್ಟಿದೆ ಎಂದು ನಿಮಗನಿಸಿದರೆ ತಪ್ಪಿಲ್ಲ. ನಾಲ್ಕು ತಿಂಗಳಿಂದ ನನಗೂ ಹಾಗೇ ಅನಿಸುತ್ತಿತ್ತು. ಮಂಗಳವಾರದ ನಂತರ ಅನಿಸುತ್ತಿಲ್ಲ. ಅದನ್ನು ಹೇಳೋಣವೆಂದೇ ಇಷ್ಟು ದಿನ ಖಾಲಿ ಇದ್ದ ಈ ಅಂಕಣಕ್ಕೆ ವಾಪಸು ಬಂದಿದ್ದೇನೆ. (ಎಲ್ಲಿ ಹೋಗಿದ್ದೆ ಎಂದು ಪತ್ರ ಬರೆದು ಕೇಳಿದವರಿಗೆಲ್ಲ ಇದೇ ಉತ್ತರ.)

ನಾನು ಸಿಕಂದರಾಬಾದಿಗೆ ಹತ್ತಿರದ ಬಾಲಾನಗರದ ಒಂದು ಸಣ್ಣ ಇಂಜಿನಿಯರಿಂಗ್ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೇನೆ ಎಂಬುದು ಹಳೆಯ ಓದುಗರಿಗೆ ಗೊತ್ತು. ಯಂತ್ರದಿಂದ ಬಂದ ಪೀಸು ಸರಿಯಿದೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ಸರಿಯಿಲ್ಲದಿದ್ದರೆ ಒಂದು ಹಾಳೆ ತುಂಬಬೇಕು. ಅದರಲ್ಲಿ ಒಂದರ ಕೆಳಗೊಂದು ಐದು ಚೌಕ. ಪ್ರತಿ ಚೌಕದ ಪಕ್ಕದಲ್ಲಿ ಒಂದೇ ಪದ: ಯಾಕೆ?

ಪೀಸು ಯಾಕೆ ಕೆಟ್ಟಿತು? ಅದಕ್ಕೆ ಉತ್ತರ ಬರೆದರೆ, ಅದು ಯಾಕೆ ಹಾಗಾಯಿತು? ಮತ್ತೆ ಅದು ಯಾಕೆ? ಹೀಗೆ ಐದು ಸಲ. ಸಣ್ಣ ಮಕ್ಕಳ ಹಾಗೆ ಕೇಳುತ್ತಲೇ ಹೋಗುವುದು.

ಇದನ್ನು ತಂದವರು ನಮ್ಮ ಫೋರ್‌ಮನ್ ಶರಣಪ್ಪನವರು. ರಾಯಚೂರು ಕಡೆಯವರು, ರಿಟೈರ್ ಆಗಲು ಇನ್ನೊಂದೂವರೆ ವರ್ಷವಿದೆ. ಅವರದೊಂದು ಕಟ್ಟುನಿಟ್ಟಿನ ನಿಯಮ: ಐದನೇ ಚೌಕದಲ್ಲಿ ಮನುಷ್ಯನ ಹೆಸರು ಬರೆಯುವಂತಿಲ್ಲ. ಈ ನಿಯಮ ಬಂದದ್ದು ಯಾದಗಿರಿಯಿಂದ. ಊರಲ್ಲ, ನಮ್ಮ ಲೇಥ್ ಮಷಿನಿನ ಯಾದಗಿರಿ ಎಂಬ ತೆಲುಗು ಮನುಷ್ಯ. ಮೊದಮೊದಲು ಎಲ್ಲ ಹಾಳೆಗಳೂ ಅವನಲ್ಲಿಗೇ ಹೋಗಿ ನಿಲ್ಲುತ್ತಿದ್ದವು. ತೂತು ದೊಡ್ಡದಾಯಿತು, ಯಾದಗಿರಿ. ಅಂಚು ಸವೆಯಿತು, ಯಾದಗಿರಿ. ಒಂದು ದಿನ ಅವನು ರಜೆಯ ಮೇಲಿದ್ದಾಗಲೂ ಹಾಳೆಯಲ್ಲಿ ಯಾದಗಿರಿಯ ಹೆಸರೇ ಬಂತು. ಅಂದಿನಿಂದ ಹೆಸರು ಬಂದ್.

ಹೆಸರು ಬಂದ ಕಡೆ ಹಾಳೆ ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ ಎಂಬುದು ಶರಣಪ್ಪನವರ ಮಾತು. ಹನ್ನೊಂದು ವರ್ಷ ಈ ಹಾಳೆ ತುಂಬಿದ್ದೇನೆ. ಕೈಗೆ ರೂಢಿಯಾಗಿತ್ತು. ತಲೆಗೆ ಆಗಿರಲಿಲ್ಲ ಎಂದು ಮೊನ್ನೆ ಗೊತ್ತಾಯಿತು.

*

ಜೂನ್ ತಿಂಗಳ ಒಂದು ಭಾನುವಾರ. ನನ್ನ ನಾದಿನಿ ಶಕುಂತಲಾ ಗದಗದಿಂದ ಬಂದವಳು ಹದಿನೈದು ದಿನ ಇದ್ದು ಅಂದು ಬೆಳಿಗ್ಗೆ ಹೊರಟಳು. ಅತ್ತೆ ಮಾವ ಇಬ್ಬರೂ ಹೋಗಿ ವರ್ಷಗಳಾದವು. ಅವಳಿಗೆ ತವರು ಅಂದರೆ ನಮ್ಮ ಮನೆಯೇ. ನಮ್ಮವರು ತಂಗಿಯನ್ನು ರೈಲಿಗೆ ಹತ್ತಿಸಲು ಸಿಕಂದರಾಬಾದಿಗೆ ಹೋದರು. ಅವಳ ಚೀಲ ಹೊತ್ತು ಸ್ಟೇಷನ್ನಿನ ಮೇಲ್ಸೇತುವೆ ಹತ್ತಿ ಇಳಿದರು.

ಹತ್ತು ಗಂಟೆಗೆ ಮನೆಗೆ ಬಂದು, ಎದೆ ಹಿಡಿದಂಗ ಆಗೈತಿ, ಗ್ಯಾಸ್ ಇರಬೇಕು ಅಂದರು. ನಾನು ಓಂಕಾಳು ಹುರಿದು ಉಪ್ಪು ಹಾಕಿ ಕೊಟ್ಟೆ. ಮೇಲೆ ಬಿಸಿನೀರು. ಮಲಗಿಕೊಳ್ಳಿ ಅಂದೆ. ಮಲಗಿದರು. ನಾನು ರೊಟ್ಟಿ ಬಡಿಯಲು ಕುಳಿತೆ. ಹನ್ನೆರಡಕ್ಕೆ ಊಟಕ್ಕೆ ಎಬ್ಬಿಸಲು ಹೋದೆ.

ಅಷ್ಟೇ.

ಎರಡು ತಾಸು. ಆಸ್ಪತ್ರೆ ನಮ್ಮ ಮನೆಯಿಂದ ಹತ್ತು ನಿಮಿಷ. ಮನೆ ಮುಂದೆಯೇ ಆಟೋ ನಿಲ್ಲುತ್ತವೆ. ನಾನು ಎಂಟು ರೊಟ್ಟಿ ಬಡಿದಿದ್ದೆ.

ಶಕುಂತಲಾ ಸಂಜೆ ಗದಗದಲ್ಲಿ ಇಳಿದು, ಸುದ್ದಿ ಕೇಳಿ, ಮನೆಯಲ್ಲಿ ಚೀಲ ಇಟ್ಟು ಹಾಗೇ ತಿರುಗಿ ಬಂದಳು. ಕಾರ್ಯದ ದಿನ ಬಂದ ಬಳಗದವರ ಮುಂದೆ ಒಂದೇ ಮಾತು ಅಂದಳು:

"ಒಂದು ಆಟೋ ಕರೀಬೇಕಿತ್ತಲ್ರಿ ವೈನಿ."

ನನ್ನೊಳಗೆ ಉತ್ತರ ಸಿದ್ಧವಾಗಿತ್ತು. ಆ ಚೀಲ ಅವರ ಕೈಯಲ್ಲಿ ಹೊರಿಸಿದ್ದು ಯಾರು? ಅದನ್ನು ನುಂಗಿಕೊಂಡೆ. ಅವಳು ಗದಗಿಗೆ ಹೋದಳು. ನಾನು ಫೋನ್ ಮಾಡಲಿಲ್ಲ, ಅವಳೂ ಮಾಡಲಿಲ್ಲ. ಪ್ರತಿ ವರ್ಷ ನಾಗರ ಪಂಚಮಿಗೆ ಬರುವವಳು ಈ ಸಲ ಬರಲಿಲ್ಲ. ವರ್ಷ ತುಂಬುವವರೆಗೆ ಹಬ್ಬವಿಲ್ಲ ಎಂಬ ನೆಪ ಇಬ್ಬರಿಗೂ ಅನುಕೂಲವಾಯಿತು.

ನಾಲ್ಕು ತಿಂಗಳು ನಾನು ಮಾಡಿದ್ದು ಒಂದೇ ಕೆಲಸ. ಆ ಎರಡು ತಾಸನ್ನು ಮತ್ತೆ ಮತ್ತೆ ನಡೆಸುವುದು. ಒಂದು ಸಲ ಆಟೋ ಕರೆಯುತ್ತೇನೆ, ಅವರು ಉಳಿಯುತ್ತಾರೆ. ಇನ್ನೊಂದು ಸಲ ಪಕ್ಕದ ಮನೆಯವರನ್ನು ಕೂಗುತ್ತೇನೆ, ಉಳಿಯುತ್ತಾರೆ. ಪ್ರತಿ ಸಲವೂ ಉಳಿಯುತ್ತಾರೆ. ಬಸ್ಸು ಅಮೀರ್‌ಪೇಟೆಯ ಸಿಗ್ನಲ್ಲಿನಲ್ಲಿ ನಿಂತಾಗ ಮೇಲೊಂದು ದೊಡ್ಡ ಬೋರ್ಡು ಕಾಣುತ್ತದೆ. ಯಾವುದೋ ಕಂಪ್ಯೂಟರ್ ತರಬೇತಿಯದು. ನಿನ್ನ ಬದುಕು ನಿನ್ನ ಕೈಯಲ್ಲಿ ಎಂದು ಬರೆದಿದೆ. ಈಗ ಈ ಊರಿನಲ್ಲಿ ಎಲ್ಲರೂ ಅದನ್ನೇ ಹೇಳುತ್ತಾರೆ. ಗೋಡೆಗಳೂ ಹೇಳುತ್ತವೆ. ಕೋರ್ಸು ಸೇರಿ ಮೇಲೆ ಬಂದವರಿಗೆ ಅದು ಸಿಹಿ. ನನ್ನಂಥವರಿಗೆ? ಬದುಕು ನನ್ನ ಕೈಯಲ್ಲಿದ್ದರೆ, ಅವರದೂ ಅಂದು ನನ್ನ ಕೈಯಲ್ಲೇ ಇತ್ತಲ್ಲ?

ಸಮಾಧಾನ ಹೇಳಲು ಬಂದವರು ಹಣೆಬರಹ ಅಂದರು. ಅದೂ ಹಿಡಿಸಲಿಲ್ಲ. ಬರಹ ಅಂದರೆ ಬರೆದವನೊಬ್ಬ ಇರಬೇಕು. ಆಗ ನನ್ನ ಬದಲು ಅವನ ಮೇಲೆ ಸಿಟ್ಟು ಬರುತ್ತದೆ. ಆರೋಪಿ ಬದಲಾದ, ಕೇಸು ಹಾಗೇ ಉಳಿಯಿತು.

*

ಇನ್ನು ಮಂಗಳವಾರಕ್ಕೆ ಬರುತ್ತೇನೆ.

ಅಂದು ಬೆಳಿಗ್ಗೆ ನಾನು ಪಾಸ್ ಮಾಡಿ ಕಳಿಸಿದ ನಲವತ್ತು ಬುಶ್‌ಗಳು (ನಡುವೆ ತೂತಿರುವ ಸಣ್ಣ ಲೋಹದ ಬಳೆ) ಬಿಡಿಭಾಗ ಜೋಡಿಸುವ ಅಸೆಂಬ್ಲಿ ವಿಭಾಗದಿಂದ ವಾಪಸು ಬಂದವು. ತೂತು ದೊಡ್ಡದು. ಅದನ್ನು ನೋಡಲು ನಮ್ಮ ಹತ್ತಿರ ಕೈಬೆರಳಿನಷ್ಟುದ್ದದ ಒಂದು ಗೇಜ್ ಇರುತ್ತದೆ. ಅದರ ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಎರಡೂ ನೋಡಿದರೆ ಮಾತ್ರ ಪಾಸ್. ನಾನು ನಲವತ್ತಕ್ಕೂ ಒಂದೇ ತುದಿ ಹಾಕಿ ನೋಡಿದ್ದೆ. ಹನ್ನೊಂದು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು.

ಹಾಳೆ ತೆಗೆದುಕೊಂಡೆ. ಮೊದಲ ಚೌಕದಿಂದ ಐದನೆಯದರವರೆಗೆ ಒಂದು ಗೆರೆ ಎಳೆದೆ. ಕೆಳಗೆ ನನ್ನ ಹೆಸರು ಬರೆದು ಶರಣಪ್ಪನವರ ಮೇಜಿನ ಮೇಲಿಟ್ಟೆ.

ಊಟದ ಹೊತ್ತಿಗೆ ಅವರು ಡಬ್ಬಿಯ ಜೊತೆಗೆ ಆ ಹಾಳೆಯನ್ನೂ ಹಿಡಿದು ನನ್ನ ಬೆಂಚಿಗೆ ಬಂದರು. (ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಆದರೂ ನಮ್ಮ ಕಡೆಯ ರೂಢಿಯಂತೆ ನನ್ನನ್ನು ಅಕ್ಕಾರ ಎಂದೇ ಕರೆಯುತ್ತಾರೆ.)

"ಇಲ್ಲಿ ನಿಮ್ಮ ಹೆಸರು ಬರದೀರಿ ಅಕ್ಕಾರ. ನಿಮ್ಮನ್ನ ಯಾವ ನಟ್ಟಿಗೆ ಪಾನಾ ಹಾಕಿ ರಿಪೇರಿ ಮಾಡ್ಲಿ ನಾ?"

ತಪ್ಪು ನನ್ನದೇ ಎಂದೆ. ಇರಲಿ, ಅದು ಎಲ್ಲಿಂದ ಬಂತು ಎಂದು ಕೇಳಿದರು. ಲಕ್ಷ್ಯ ಇರಲಿಲ್ಲ ಎಂದೆ. ಯಾಕೆ? ಬಸ್ಸಿನಿಂದಲೇ ತಲೆ ಬೇರೆ ಕಡೆ ಇತ್ತು. ಯಾಕೆ? ನನಗೆ ರೇಗಿತು. ಡಬ್ಬಿಯ ಮುಚ್ಚಳ ಕೈಯಲ್ಲಿ ಹಿಡಿದುಕೊಂಡೇ ಹೇಳಿಬಿಟ್ಟೆ:

"ನಮ್ಮವರನ್ನ ನಾನ ಕೊಂದೀನ್ರಿ. ಓಂಕಾಳು ಕೊಟ್ಟು ಮಲಗಿಸಿದೆ. ಇದನ್ನೂ ಬರೀಲೇನ್ರಿ?"

ಅವರು ಗಾಬರಿಯಾಗಲಿಲ್ಲ. ಹಾಗನ್ನಬಾರದು ಎಂದೂ ಅನ್ನಲಿಲ್ಲ. (ಎಲ್ಲರೂ ಅದನ್ನೇ ಅಂದಿದ್ದರು. ಅದರಿಂದ ಯಾರಿಗಾದರೂ ಉಪಯೋಗವಾದದ್ದುಂಟೇ?) ಎದ್ದು ಹೋಗಿ ಹೊಸದೊಂದು ಹಾಳೆ ತಂದರು. ಪೆನ್ನು ನನ್ನ ಕೈಗೆ ಕೊಟ್ಟು ಬರೀರಿ ಅಂದರು.

ಬರೆದೆ. ಯಾಕೆ ಉಳಿಯಲಿಲ್ಲ? ಆಸ್ಪತ್ರೆಗೆ ಒಯ್ಯಲಿಲ್ಲ. ಯಾಕೆ ಒಯ್ಯಲಿಲ್ಲ? ಗ್ಯಾಸ್ ಎಂದುಕೊಂಡೆ. ಯಾಕೆ? ಅದಕ್ಕೂ ಮೊದಲು ಮೂರು ಸಲ ಹಾಗೇ ಎದೆ ಹಿಡಿದಿತ್ತು, ಓಂಕಾಳು ತಿಂದರೆ ಬಿಟ್ಟಿತ್ತು. ಅಲ್ಲದೆ ಗ್ಯಾಸ್ ಎಂದು ಅವರೇ ಹೇಳಿದ್ದರು. ಅವರು ಯಾಕೆ ಹಾಗೆ ಹೇಳಿದರು? ಅವರದು ಏನೇ ಆದರೂ 'ಏನಾಗಿಲ್ಲ' ಎನ್ನುವ ಮನೆತನ. ಮಾವನವರು ಕಾಲು ಮುರಿದುಕೊಂಡು ಮಂಚದ ಮೇಲಿದ್ದಾಗಲೂ ಏನಾಗಿಲ್ಲ ಅಂದವರೇ. ನಾನು ಯಾಕೆ ಓಂಕಾಳಿಗೇ ಕೈ ಹಾಕಿದೆ? ನಮ್ಮವ್ವ ಹಾಕುತ್ತಿದ್ದಳು. ಅವಳು ಯಾಕೆ? ಅವಳವ್ವ. ಅವಳು ಯಾಕೆ? ಆಕೆಯ ಊರಿನಿಂದ ದವಾಖಾನೆ ಎಂದರೆ ಒಂದು ಹಗಲಿನ ದಾರಿ. ಮನೆಯಲ್ಲಿದ್ದ ಔಷಧ ಅದೊಂದೇ.

ಐದು ಚೌಕ ಸಾಲಲಿಲ್ಲ. ಹಾಳೆಯ ಹಿಂದೆಯೂ ಬರೆದೆ.

ಕಡೆಗೆ ಪೆನ್ನಿಟ್ಟು, ಇಷ್ಟೆಲ್ಲ ಇದ್ದರೂ ನಾನು ಒಂದು ನಿಮಿಷ ವಿಚಾರ ಮಾಡಬಹುದಿತ್ತು ಎಂದೆ. ನಾಲ್ಕು ತಿಂಗಳಿಂದ ನನ್ನ ಎದೆಯ ಮೇಲೆ ಕುಳಿತಿದ್ದ ಮಾತು ಅದು. ಮಾಡಬಹುದಿತ್ತು.

ಶರಣಪ್ಪನವರು ರೊಟ್ಟಿ ಮುರಿಯುತ್ತ ಹೇಳಿದರು:

"ಆ ವಿಚಾರ ಬರಲಿಲ್ಲಲ್ರಿ. ಬರಲಾರದ ವಿಚಾರನ್ನ ಹೆಂಗ ಕರಕೊಂಡು ಬರ್ತಿದ್ರಿ? ಕರಕೊಂಡು ಬರಬೇಕು ಅನ್ನೂದು ಮತ್ತೊಂದು ವಿಚಾರ. ಅದೂ ಬರಬೇಕಲ್ರಿ."

ಇದನ್ನು ಅವರು ದೊಡ್ಡ ತತ್ವದಂತೆ ಹೇಳಲಿಲ್ಲ. ಯಂತ್ರಕ್ಕೆ ಎಣ್ಣೆ ಬರುತ್ತಿಲ್ಲ ಎಂದು ಹೇಳುವ ಹಾಗೆ ಹೇಳಿದರು. ನಾನು ಮತ್ತೆ ಹಾಳೆ ನೋಡಿದೆ. ಅವ್ವ ಇದ್ದಳು, ಅಜ್ಜಿ ಇದ್ದಳು, ಮಾವನವರ ಮುರಿದ ಕಾಲಿತ್ತು, ನಾನು ನೋಡಿಯೇ ಇರದ ಒಂದು ಊರಿತ್ತು. ಇವೆಲ್ಲ ಬಿಟ್ಟು, ಬೇರೆ ನಿಂತು, ಇದಲ್ಲ ಅದನ್ನು ಮಾಡುತ್ತೇನೆ ಎಂದು ಆರಿಸಬಹುದಾಗಿದ್ದ ಒಬ್ಬ ಹೆಂಗಸು ಎಲ್ಲಿ?

"ಹಂಗಾರ ಇದರಾಗ ನಾ ಎಲ್ಲಿ ಅದೀನ್ರಿ?" ಎಂದು ಕೇಳಿದೆ.

ಅವರು ಕನ್ನಡಕ ಹಾಕಿಕೊಂಡರು. ಹಾಳೆಯ ಎರಡೂ ಬದಿ ತಿರುಗಿಸಿ ನಿಜವಾಗಿಯೂ ಹುಡುಕಿದರು.

"ಹಾಳಿ ತುಂಬ ಮಂದಿ ಅದಾರ ಅಕ್ಕಾರ. ನೀವ ಕಾಣವಲ್ರಿ."

ನಾನು ಅತ್ತೆ. ಆದರೆ ಈ ಅಳು ಬೇರೆ. ಬಹಳ ದಿನ ಬಿಗಿಹಿಡಿದ ಮುಷ್ಟಿ ಬಿಡಿಸಿದಾಗ ಬೆರಳು ನೋಯುತ್ತವಲ್ಲ, ಹಾಗೆ. ಶರಣಪ್ಪನವರು ನನ್ನ ಪಲ್ಯವನ್ನೂ ತಾವೇ ತಿಂದು ಮುಗಿಸಿ, ಬುಶ್ ಹಾಳೆ ಇನ್ನೂ ಬಾಕಿ ಐತಿ ಎಂದು ನೆನಪಿಸಿ ಹೋದರು.

*

ಅಂದು ಸಂಜೆ ಬಸ್ಸಿನಲ್ಲಿ ಒಂದು ಪರೀಕ್ಷೆ ಮಾಡಿದೆ. ಮುಂದೆ ಯಾವ ವಿಚಾರ ಬರುತ್ತದೆ ನೋಡೋಣವೆಂದು ಕಾದೆ. ಬಂದದ್ದು ಏನು ಗೊತ್ತೇ? ಗ್ಯಾಸ್ ಸಿಲಿಂಡರ್ ಬುಕ್ ಮಾಡಿಲ್ಲ. ಅದರ ಹಿಂದೆ, ಎದುರಿನವಳ ಸೀರೆಯ ಬಣ್ಣ ಚೆನ್ನಾಗಿದೆ. ಇವುಗಳನ್ನು ನಾನು ಕರೆದಿದ್ದೆನೇ? ಬಂದ ಮೇಲೆ 'ನನ್ನವು' ಎಂದು ಸಹಿ ಹಾಕಿದೆ, ಅಷ್ಟೇ. ಇನ್‌ಸ್ಪೆಕ್ಷನ್ನಿನವರಿಗೆ ಇದು ಗೊತ್ತಿರಬೇಕಿತ್ತು. ಪೀಸು ಮಾಡುವವರು ನಾವಲ್ಲ. ಬಂದದ್ದಕ್ಕೆ ಸೀಲು ಹೊಡೆಯುವವರು.

ಬುಧವಾರ ಬೆಳಿಗ್ಗೆ ಇನ್ನೊಂದು ಪರೀಕ್ಷೆ. ಇಂದು ನಾನಾಗಿ ಏನೂ ನಿರ್ಧಾರ ಮಾಡುವುದಿಲ್ಲ, ಏನಾಗುತ್ತದೋ ನೋಡೋಣ ಎಂದು ಮಂಚದ ಮೇಲೆ ಕುಳಿತೆ. ಸ್ವಲ್ಪ ಹೊತ್ತಿಗೆ ನೋಡಿದರೆ ಕಾಲು ನೆಲಕ್ಕೆ ಇಳಿದಿತ್ತು. ಚಹಾ ಆಯಿತು. ಸ್ನಾನ ಆಯಿತು. ಏಳೂವರೆಯ ಬಸ್ಸೂ ಸಿಕ್ಕಿತು. ಇಷ್ಟು ವರ್ಷ ನಾನು ಇಲ್ಲದಿದ್ದರೆ ಮನೆ ನಡೆಯುವುದಿಲ್ಲ ಎಂದು ನಮ್ಮವರಿಗೆ ಹೇಳುತ್ತಿದ್ದೆ. ಅವರು ನಗುತ್ತಿದ್ದರು. ಯಾಕೆ ನಗುತ್ತಿದ್ದರೆಂದು ಈಗ ತಿಳಿಯಿತು.

ಹಾಗಾದರೆ ತಪ್ಪಿಗೆ ಬೆಲೆಯೇ ಇಲ್ಲವೇ, ಯಾರು ಏನು ಮಾಡಿದರೂ ನಡೆಯುತ್ತದೆಯೇ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ರಿಜೆಕ್ಟ್ ಆದ ಪೀಸು ರಿಜೆಕ್ಟೇ ಎಂದರು ಶರಣಪ್ಪನವರು. ಅದನ್ನು ಪಾಸ್ ಮಾಡುವಂತಿಲ್ಲ. ಯಂತ್ರ ಸರಿಮಾಡಬೇಕು, ಗೇಜ್ ಬದಲಿಸಬೇಕು. ಆದರೆ ಪೀಸನ್ನು ನಿಲ್ಲಿಸಿಕೊಂಡು ಬೈಯುವುದು ಬೇಡ. ಬೈದರೆ ತೂತು ಸಣ್ಣದಾಗುತ್ತದೆಯೇ?

ಆದ್ದರಿಂದ ನನ್ನ ಅಡುಗೆಮನೆಯಲ್ಲಿ ಓಂಕಾಳಿನ ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ. ಎದೆನೋವಿಗೆ ಇದಲ್ಲ, ಆಟೋ. ನೀವೂ ಅಂಟಿಸಿ. ಅಂಟಿಸುವುದು ಬಿಡುವುದು ನಿಮ್ಮ ಕೈಯಲ್ಲಿಲ್ಲದಿರಬಹುದು. ಆದರೆ ಈ ಸಾಲು ನಿಮ್ಮ ಕಣ್ಣಿಗೆ ಬಿತ್ತಲ್ಲ, ಇನ್ನು ಇದೂ ನಿಮ್ಮ ಹಾಳೆಯೊಳಗೆ ಸೇರಿತು.

ದುಃಖ ಹೋಯಿತೇ? ಇಲ್ಲ. ಸಂಜೆ ಆರು ಗಂಟೆಗೆ ಗೇಟಿನ ಸದ್ದಾದರೆ ಈಗಲೂ ತಿರುಗಿ ನೋಡುತ್ತೇನೆ. ನಾಂಪಲ್ಲಿಯ ಅವರ ಆಫೀಸು ಬಿಟ್ಟು ಮನೆಗೆ ಬರುವ ಹೊತ್ತು ಅದು. ದುಃಖ ಇದೆ. ಅದರ ಪಕ್ಕದಲ್ಲಿ ಲಾಠಿ ಹಿಡಿದು ಕುಳಿತಿದ್ದ ಪೊಲೀಸಿನವನು ಎದ್ದು ಹೋದ, ಅಷ್ಟೇ. ಅವನಿಲ್ಲದ ದುಃಖ ಇಷ್ಟು ಮೆತ್ತಗಿರುತ್ತದೆಂದು ಗೊತ್ತಿರಲಿಲ್ಲ.

ಇನ್ನೊಂದು ಗಮನಿಸಿದೆ. ಗುರುವಾರ ಪಕ್ಕದ ಮನೆಯವರು ನನ್ನ ಮುಖ ನೋಡಿ ಹುಷಾರಿಲ್ಲವೇ ಎಂದು ಕೇಳಿದರು. ನನ್ನ ಬಾಯಿಂದ ಬಂದದ್ದು, "ಏನಾಗಿಲ್ಲ." ಥೇಟ್ ಅವರದೇ ದನಿ. ಇಪ್ಪತ್ತಾರು ವರ್ಷ ಜೊತೆಗಿದ್ದವರು ನನ್ನ ಬಾಯಿಗೂ ಬಂದು ಸೇರಿದ್ದಾರೆ. ಹಾಳೆ ತೋರಿಸಿದಂತೆ ನನ್ನ ಸುತ್ತ ಗೋಡೆ ಇಲ್ಲವೆಂದಾದರೆ ಅವರ ಸುತ್ತಲೂ ಇರಲಿಲ್ಲ. ಅವರು ಎಲ್ಲಿ ಮುಗಿದರು ಎಂದು ಗೆರೆ ಎಳೆಯಲು ಹೋದರೆ ನನಗೆ ಆಗುತ್ತಿಲ್ಲ.

*

ಉಳಿದದ್ದು ಶಕುಂತಲಾ.

ನನ್ನ ಹೆಸರು ಅಳಿಸಿ, ಅವಳ ಹೆಸರು ಹಾಗೇ ಬಿಟ್ಟರೆ ಅದು ಮೋಸ. ಅವಳು ಆ ಮಾತು ಯಾಕೆ ಅಂದಳು? ಆ ಚೌಕ ತುಂಬಲು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ಗದಗದಲ್ಲಿದ್ದಳು. ಭಾನುವಾರ ಬೆಳಿಗ್ಗೆ ಫೋನ್ ಮಾಡಿದೆ. ಯಾರು ಎಂದಳು. ನಾನು ಎಂದೆ. (ವಾರವಿಡೀ ಹಾಳೆಯಲ್ಲಿ ಹುಡುಕಿದರೂ ಸಿಗದ ಆ 'ನಾನು' ಎಂಬವಳು ಫೋನಿನಲ್ಲಿ ಎಷ್ಟು ಬೇಗ ಸಿಕ್ಕಳು ನೋಡಿ.)

ನಾನು ಆಟೋದ ಮಾತು ತೆಗೆಯುವುದರೊಳಗೆ ಅವಳೇ ಶುರುಮಾಡಿದಳು.

"ಆ ಚೀಲ ಭಾಳ ವಜನ ಇತ್ರಿ ವೈನಿ. ಅಣ್ಣ ಬ್ರಿಜ್ಜಿನ ಮ್ಯಾಲ ಎರಡು ಸಲ ನಿಂತ. ಹಮಾಲನ್ನ ಕರಿಯೋಣು ಅಂತ ನನಗ ಹೊಳೀಲಿಲ್ಲ. ನಿಮಗ ಅಂದ್ರ ನನ್ನ ಮ್ಯಾಲಿಂದು ಇಳೀತೈತಿ ಅನ್ನಿಸ್ತು. ಅಂದೆ. ಇಳೀಲಿಲ್ರಿ."

ನಾಲ್ಕು ತಿಂಗಳು ನಾನು ಒಳಗೆ ಇಟ್ಟುಕೊಂಡಿದ್ದ ಚೀಲವನ್ನೇ ಅವಳೂ ಹೊತ್ತುಕೊಂಡು ಕುಳಿತಿದ್ದಳು. ಆಗ ನಾನು ಒಂದು ಸತ್ಯ ಹೇಳಬೇಕಾಯಿತು. ಬಳಗದವರ ಮುಂದೆ ಹೇಳಿರಲಿಲ್ಲ, ನನಗೆ ನಾನೂ ಸರಿಯಾಗಿ ಹೇಳಿಕೊಂಡಿರಲಿಲ್ಲ.

"ಆ ಚೀಲದಾಗ ಉಪ್ಪಿನಕಾಯಿ ಭರಣಿ ನಾನ ಇಟ್ಟಿದ್ದೆ ಶಕುಂತಲಾ. ನೀ ಬ್ಯಾಡ ಅಂದಿದ್ದಿ."

"ಹೌದ್ರಿ. ಯಾಕ ಇಟ್ರಿ?"

ಅವಳಿಗೆ ಹಾಳೆಯ ಸಂಗತಿ ಏನೂ ಗೊತ್ತಿಲ್ಲ. ಸಹಜವಾಗಿ ಕೇಳಿದಳು. ನಾನೂ ಸಹಜವಾಗಿ ಉತ್ತರಿಸಿದೆ. ಹೋದ ವರ್ಷ ನೀನೇ ಹೊಗಳಿದ್ದೆಯಲ್ಲ, ಇಂಥ ಮಾವಿನ ಉಪ್ಪಿನಕಾಯಿ ಗದಗದಲ್ಲಿ ಯಾರೂ ಮಾಡುವುದಿಲ್ಲ ಎಂದು?

ಅವಳ ದನಿ ಸಣ್ಣದಾಯಿತು:

"ಅದು ಅಣ್ಣ ಅನ್ನಾಕ ಹೇಳಿದ್ದರಿ ವೈನಿ. 'ನಿಮ್ಮ ವೈನಿ ಉಪ್ಪಿನಕಾಯಿ ಛಲೋ ಆಗೈತಿ ಅನ್ನವಾ. ಇಲ್ಲಂದ್ರ ಒಂದು ವಾರ ಆಕಿ ಉಬ್ಬಿದ ಮಾರಿ ನಾ ನೋಡಬೇಕು' ಅಂದಿದ್ದ."

ಮೊದಲು ನಕ್ಕಿದ್ದು ಯಾರು ಎಂದು ನೆನಪಿಲ್ಲ. ಇಬ್ಬರೂ ನಕ್ಕೆವು. ಅಲ್ಲಿ ಅವಳ ಗಂಡ ಏನಾಯಿತು ಎಂದು ಓಡಿಬಂದದ್ದು ಫೋನಿನಲ್ಲೇ ಕೇಳಿಸಿತು. ಎಲ್ಲ ಯಾಕೆಗಳೂ ಸುತ್ತಿ ಬಳಸಿ ಬಂದು ಆ ಮನುಷ್ಯನ ಹತ್ತಿರವೇ ನಿಂತವು. ಹೋಗುವವರು ಈ ನಗುವನ್ನೂ ಇಟ್ಟು ಹೋಗಿದ್ದರು.

ಭರಣಿಯ ಬಾಯಿ ಕಟ್ಟಿದ ಬಟ್ಟೆಯನ್ನು ಅವಳು ಇನ್ನೂ ಬಿಚ್ಚಿಲ್ಲವಂತೆ. ಮನಸ್ಸಾಗಲಿಲ್ಲ ಅಂದಳು. ದೀಪಾವಳಿಗೆ ಬಾ ಅಂದೆ. ಈ ವರ್ಷ ಹಬ್ಬವಿಲ್ಲವಲ್ಲ ಅಂದಳು. ತವರಿಗೆ ಬರಲು ಹಬ್ಬವೇ ಬೇಕೇನು ಎಂದು ಕೇಳಿದೆ. ಅವಳು ಅತ್ತಳು. ಮುಂದಿನ ಭಾನುವಾರ ಬರುತ್ತಾಳೆ. ಭರಣಿಯೂ ಬರುತ್ತದೆ. ಸಿಕಂದರಾಬಾದಿನಲ್ಲಿ ಇಳಿದೊಡನೆ ಹಮಾಲನನ್ನು ಕರೆಯಬೇಕೆಂದು ಎರಡು ಸಲ ಹೇಳಿದ್ದೇನೆ.

ಇಬ್ಬರೂ ಕುಳಿತು ಅದನ್ನು ತೆರೆದು ಬಿಸಿ ಅನ್ನಕ್ಕೆ ಕಲಸಿ ತಿನ್ನುತ್ತೇವೆ. ಈ ಸಲ ಹೊಗಳು ಎಂದು ಅವಳಿಗೆ ಹೇಳಿಕೊಡಲು ಅವರಿಲ್ಲ. ಆದರೂ ಅವಳು ಏನನ್ನುತ್ತಾಳೆಂದು ನನಗೆ ಈಗಲೇ ಗೊತ್ತು.